ಹಳ್ಳದಾಚೆಯ ದ್ವೀಪ

ಗುಂಡ್ಲುಪೇಟೆ ಬಿಟ್ಟು ಊಟಿ ರಸ್ತೆ ಹಿಡಿದರೆ ಮೊದಲು ಮೇಲುಕಾಮನಹಳ್ಳಿಯ ಗೇಟು, ಆಮೇಲೆ ಬಂಡೀಪುರದ ಕಾಡು. ಜಿಂಕೆ ಹಿಂಡು, ಮುಸುವ, ರಸ್ತೆಯುಬ್ಬು, ಮತ್ತೆ ರಸ್ತೆಯುಬ್ಬು. ಹೋಗುತ್ತಾ ಹೋಗುತ್ತಾ ಒಂದು ಹಳ್ಳ ಬರುತ್ತದೆ. ಕಾರಿನಲ್ಲಿ ಮಾತಾಡಿಕೊಂಡು ಕೂತವರಿಗೆ ಅದನ್ನು ದಾಟಿದ್ದೂ ತಿಳಿಯುವುದಿಲ್ಲ. ಅದೇ ಕೆಕ್ಕನಹಳ್ಳ, ತಮಿಳಿನವರ ಬಾಯಲ್ಲಿ ಕಕ್ಕನಲ್ಲ. ಈಚೆ ಕರ್ನಾಟಕ, ಆಚೆ ತಮಿಳುನಾಡಿನ ನೀಲಗಿರಿ ಜಿಲ್ಲೆ. ಆನೆಗೆ ಎರಡೂ ಒಂದೇ ಕಾಡು. ನಮಗೂ ಹೆಚ್ಚುಕಡಿಮೆ ಹಾಗೇ ಇತ್ತು, 2020ರ ಮಾರ್ಚ್‌ವರೆಗೆ.

ನಮ್ಮ ಚಿಕ್ಕಮ್ಮನನ್ನು ಮಸಿನಗುಡಿಗೆ ಕೊಟ್ಟು ನಲವತ್ತು ವರ್ಷದ ಮೇಲಾಯಿತು. ಗುಂಡ್ಲುಪೇಟೆಯವರಿಗೆ ಮಸಿನಗುಡಿ ಪರಸ್ಥಳವೇನಲ್ಲ. ಬೊಕ್ಕಾಪುರದ ಮಾರಮ್ಮನ ಜಾತ್ರೆಗೆ ಇಲ್ಲಿಂದ ಜನ ಹೋಗುತ್ತಾರೆ. ಕಾಯಿಲೆ ಜೋರಾದರೆ ಅಲ್ಲಿಯವರು ಮೈಸೂರಿನ ಆಸ್ಪತ್ರೆಗೆ ಬರುತ್ತಾರೆ. ಇಲ್ಲಿಯ ಟೊಮೆಟೊ ಘಟ್ಟ ಹತ್ತುತ್ತದೆ, ಅಲ್ಲಿಯ ಕ್ಯಾರೆಟ್ಟು ಘಟ್ಟ ಇಳಿಯುತ್ತದೆ. ಚಿಕ್ಕಮ್ಮನ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಅಂಗಡಿಯಲ್ಲಿ ಮಲಯಾಳವೂ ಬೆರೆತ ಒಂದು ಹದದ ಮಾತು. ಸಿಟ್ಟು ಬಂದಾಗ ಮಾತ್ರ ಅಪ್ಪಟ ನಮ್ಮ ಕಡೆಯ ಕನ್ನಡ.

2020ರ ಜುಲೈನಲ್ಲಿ ಚಿಕ್ಕಪ್ಪ ತೀರಿಕೊಂಡರು. ಕೊರೊನಾ ಅಲ್ಲ, ಹೃದಯ. ಬೆಳಗಿನ ಐದಕ್ಕೆ ಫೋನು ಬಂತು. ಅಮ್ಮ ಅಳುತ್ತಲೇ ಸೀರೆ ಬದಲಿಸಿ ಹೊರಟು ನಿಂತಳು. ಹೋಗುವುದು ಹೇಗೆ? ಬಸ್ಸಿಲ್ಲ. ಕಾರಿಗೆ ತಮಿಳುನಾಡಿನ ಇ-ಪಾಸು ಬೇಕು. ಸಾವಿನ ಕಾರಣಕ್ಕೆ ಪಾಸು ಸಿಗುತ್ತಿತ್ತು, ನಿಜ. ಆದರೆ ಕಾಗದ ಪತ್ರ ಲಗತ್ತಿಸಿ, ಒಪ್ಪಿಗೆ ಬರುವಷ್ಟರಲ್ಲಿ ಮಣ್ಣು ಮುಗಿದಿರುತ್ತದೆ. ಹೇಗೋ ಹೋದೆವೆನ್ನಿ, ವಾಪಸು ಬಂದರೆ ನಮ್ಮ ಕಡೆ ಸೇವಾ ಸಿಂಧುವಿನಲ್ಲಿ ನೋಂದಣಿ, ಹದಿನಾಲ್ಕು ದಿನ ಮನೆವಾಸ. ಅಮ್ಮ ಉಟ್ಟ ಸೀರೆಯಲ್ಲೇ ಕೂತು ಮೊಬೈಲಿನಲ್ಲಿ ತಂಗಿ ಗಂಡನ ಮಣ್ಣು ನೋಡಿದಳು. ಸಿಗ್ನಲ್ಲು ಬಂದು ಹೋಗಿ ಮಾಡುತ್ತಿತ್ತು. ಕಾಡಿನ ಊರು, ಅದು ಇದ್ದದ್ದೇ.

ಹನ್ನೊಂದನೆಯ ದಿನ ಚಿಕ್ಕಮ್ಮನೇ ಫೋನು ಮಾಡಿದಳು. ಬರಲಾಗದ್ದಕ್ಕೆ ನಾನು ಸಮಜಾಯಿಷಿ ಹೇಳತೊಡಗಿದೆ. ಅವಳು ನಡುವೆಯೇ ತಡೆದು, “ಹನ್ನೊಂದು ದಿನದ ಸೂತಕ ನಂಗೊತ್ತು ಕಣಪ್ಪ. ಈ ಹದಿನಾಕು ದಿನದ್ದು ಯಾವ ಸತ್ತೋರ್ದು?” ಅಂದಳು.

*

ನೀಲಗಿರಿಯನ್ನು ದ್ವೀಪ ಎಂದರೆ ಬರೀ ಅಲಂಕಾರದ ಮಾತಲ್ಲ. ಪಶ್ಚಿಮಘಟ್ಟದ ಎತ್ತರದ ಬೆಟ್ಟಗಳನ್ನು ಜೀವಶಾಸ್ತ್ರದವರು ‘ಆಕಾಶ ದ್ವೀಪ’ಗಳೆಂದೇ ಕರೆಯುತ್ತಾರೆ. ಸುತ್ತ ಬಿಸಿಲಿನ ಬಯಲು, ನಡುವೆ ತಣ್ಣನೆಯ ಎತ್ತರ. ಮೇಲಿನ ಶೋಲಾ ಕಾಡಿನ ಕಪ್ಪೆಗೆ ಬಯಲಿಗಿಳಿದು ಇನ್ನೊಂದು ಬೆಟ್ಟ ಹತ್ತುವ ಯೋಗವಿಲ್ಲ. 2,637 ಮೀಟರ್ ಎತ್ತರದ ದೊಡ್ಡಬೆಟ್ಟ ಈ ದ್ವೀಪದ ನೆತ್ತಿ. ಹೆಸರನ್ನು ಯಾರೂ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಡಳಿತ ನಡೆಸುವವರಿಗೆ ಕಂಡ ದ್ವೀಪ ಮಾತ್ರ ಬೇರೆ. ಒಳಗೆ ಬರುವ ದಾರಿಗಳನ್ನು ಬೆರಳಲ್ಲಿ ಎಣಿಸಬಹುದು, ಅದು ಅವರ ಲೆಕ್ಕ. ಮೇಟ್ಟುಪಾಳಯದ ಕಡೆಯಿಂದ ಕೂನೂರಿಗೆ ಬರ್ಲಿಯಾರ್, ಕೋತಗಿರಿಗೆ ಕುಂಜಪ್ಪನೈ. ಕೇರಳದ ಕಡೆಯಿಂದ ನಾಡುಕಾಣಿ, ಪಾಟವಯಲ್, ತಾಳೂರು, ಚೋಲಾಡಿ. ಕರ್ನಾಟಕಕ್ಕೆ ನಮ್ಮದೊಂದೇ ಕೆಕ್ಕನಹಳ್ಳ. ಅದೂ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ 2009ರಿಂದಲೇ ಮುಚ್ಚಿರುತ್ತದೆ, ಕಾಡುಪ್ರಾಣಿಗಳ ಸಲುವಾಗಿ. ಗೇಟಿನ ಮುಂದೆ ಇಂಜಿನ್ನು ಆರಿಸಿ ಕಾಯುವುದನ್ನು ಕೊರೊನಾ ನಮಗೆ ಕಲಿಸಬೇಕಾಗಿರಲಿಲ್ಲ.

2020ರ ಮಾರ್ಚ್ ಮಧ್ಯದಲ್ಲೇ, ದೇಶಕ್ಕೆ ಬೀಗ ಬೀಳುವ ಒಂದು ವಾರ ಮೊದಲೇ, ಊಟಿಯ ಉದ್ಯಾನಗಳು ಮುಚ್ಚಿದವು. ಆಗ ಜಿಲ್ಲಾಧಿಕಾರಿ ಜೆ. ಇನ್ನೊಸೆಂಟ್ ದಿವ್ಯಾ. ಹೋಟೆಲು, ರೆಸಾರ್ಟುಗಳಲ್ಲಿದ್ದ ಪ್ರವಾಸಿಗಳನ್ನು ಕೆಳಗಿಳಿಸಿದರು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 7,35,394. ವರ್ಷಕ್ಕೆ ಬಂದುಹೋಗುವ ಪ್ರವಾಸಿಗಳು ಅದರ ಹಲವು ಪಟ್ಟು. ಅಷ್ಟು ಜನರ ಬರವನ್ನು ಒಂದೇ ವಾರದಲ್ಲಿ ನಿಲ್ಲಿಸಿದ್ದರು. ಮೇ ತಿಂಗಳ ಫಲಪುಷ್ಪ ಪ್ರದರ್ಶನ ಆ ವರ್ಷವೂ ಇಲ್ಲ, ಮುಂದಿನ ವರ್ಷವೂ ಇಲ್ಲ. ಬೆಟ್ಟದ ಹಲ್ಲುಗಂಬಿ ರೈಲು ಒಂಬತ್ತು ತಿಂಗಳು ನಿಂತೇ ಇತ್ತು. ಸೀಸನ್ನನ್ನೇ ನಂಬಿದ್ದ ವರ್ಕಿ ಬೇಕರಿಯವರು, ಮಸಿನಗುಡಿಯ ಜೀಪಿನವರು, ಊಟಿ ಕೆರೆ ಬಳಿ ಕುದುರೆ ಹಿಡಿದು ನಿಲ್ಲುವವರು ಎರಡು ಬೇಸಿಗೆಯನ್ನು ಹೇಗೆ ಕಳೆದರೋ! ಚಿಕ್ಕಮ್ಮನ ಮಗ ಜೀಪು ಓಡಿಸುತ್ತಿದ್ದವನು ಟೊಮೆಟೊ ಕ್ರೇಟು ಹೊತ್ತ.

ಆದರೂ ಆ ಬಾಗಿಲು ಹಾಕಿದ್ದು ತಪ್ಪು ಎಂದು ಚಿಕ್ಕಮ್ಮ ಒಂದು ದಿನವೂ ಹೇಳಲಿಲ್ಲ. ಇದು ನನಗೆ ಮೊದಲು ಸೋಜಿಗ, ಸ್ವಲ್ಪ ಬೇಸರ ಕೂಡ. ಗಂಡನ ಮಣ್ಣಿಗೆ ತವರಿನವರೇ ಬರಲಾಗದಂತೆ ಮಾಡಿದ ಗೇಟನ್ನು ಇವಳು ಹೇಗೆ ಒಪ್ಪುತ್ತಾಳೆ? ಅವಳ ಲೆಕ್ಕ ಸರಳವಾಗಿತ್ತು. ಮಸಿನಗುಡಿಯಲ್ಲಿ ಇರುವುದು ಪ್ರಾಥಮಿಕ ಆರೋಗ್ಯ ಕೇಂದ್ರ. ಉಸಿರು ಕಟ್ಟಿದವರನ್ನು ಊಟಿಗೆ ಕೊಂಡೊಯ್ಯಬೇಕೆಂದರೆ ಕಲ್ಹಟ್ಟಿ ಘಾಟಿನ ಮೂವತ್ತಾರು ತಿರುವು ಹತ್ತಬೇಕು. ಮೊದಲ ತಿಂಗಳುಗಳಲ್ಲಿ ಗಂಟಲ ದ್ರವದ ಮಾದರಿ ಕೂಡ ಘಟ್ಟ ಇಳಿದು ಕೊಯಮತ್ತೂರಿಗೆ ಹೋಗಿ, ಅಲ್ಲಿಂದ ಫಲಿತಾಂಶ ಬರಬೇಕಿತ್ತು. “ಊಟಿ ನೋಡಕ್ಕೆ ಬಂದೋನು ಎರಡು ದಿನ ಇದ್ದು ಹೊಂಟೋಯ್ತಾನೆ. ಅವನು ಬಿಟ್ಟೋದದ್ದ ನಾವ್ ತಾನೆ ಇಟ್ಕಳದು?” ಎನ್ನುತ್ತಿದ್ದಳು.

ನಿಜವಾದ ದ್ವೀಪದವರೂ ಇದೇ ಲೆಕ್ಕ ಹಾಕಿದ್ದರು. ಲಕ್ಷದ್ವೀಪಕ್ಕೆ ಹೋಗುವವರು ಕೊಚ್ಚಿಯಲ್ಲೇ ದಿನಗಟ್ಟಲೆ ಪ್ರತ್ಯೇಕವಾಗಿದ್ದು, ಪರೀಕ್ಷೆ ಮಾಡಿಸಿ, ಸೋಂಕಿಲ್ಲವೆಂದಾದ ಮೇಲೇ ಹಡಗು ಹತ್ತಬೇಕಿತ್ತು. ಇಳಿದ ಮೇಲೂ ಮನೆಯೊಳಗೆ ಇರಬೇಕಿತ್ತು. ಇಡೀ ದೇಶ ಸೋಂಕಿನಲ್ಲಿ ಮುಳುಗಿದ್ದಾಗ 2021ರ ಜನವರಿ ಮಧ್ಯದವರೆಗೂ ಅಲ್ಲಿ ಒಂದೇ ಒಂದು ಪ್ರಕರಣ ಇರಲಿಲ್ಲ. ಡಿಸೆಂಬರ್‌ನಲ್ಲಿ ನಿಯಮ ಸಡಿಲಿಸಿದರು. ತಿಂಗಳು ತುಂಬುವುದರೊಳಗೆ ಕೊಚ್ಚಿಯಿಂದ ಬಂದವರೊಬ್ಬರಲ್ಲಿ ಮೊದಲ ಸೋಂಕು ಕಂಡಿತು. ಸಮುದ್ರ ಸುತ್ತ ಇದ್ದರೆ ನಿಯಮ ಅಷ್ಟು ಬಿಗಿಯಾಗಿ ನಡೆಯುತ್ತದೆ. ನೀಲಗಿರಿಯ ಸುತ್ತ ಇರುವುದು ಟೀ ತೋಟ, ಆನೆದಾರಿ, ಕಾಲುದಾರಿ.

ಹಾಗಾಗಿ ಸೋಂಕು ಬಂತು. ಬಂದ ಮೇಲೆ ಹರಡಿದ್ದು ಪ್ರವಾಸಿಗಳಿಂದಲ್ಲ, ಮನೆಮಂದಿಯಿಂದ. 2020ರ ಜೂನ್ ಕೊನೆಯಿಂದ ಊಟಿ–ಕೂನೂರು ದಾರಿಯ ಯಲ್ಲನಹಳ್ಳಿಯ ಸೂಜಿ ಕಾರ್ಖಾನೆಯ ಕೆಲಸಗಾರರಲ್ಲಿ ಕಾಣಿಸಿಕೊಂಡದ್ದು ಅವರವರ ಹಟ್ಟಿಗಳಿಗೆ ಹೋಯಿತು. ಆಮೇಲೆ ಮದುವೆ ಮನೆ, ಸಾವಿನ ಮನೆ. ಈ ಹಟ್ಟಿಗಳ ಬಡಗರಲ್ಲಿ ಸಾವು ಒಂದು ಮನೆಯ ಸಂಗತಿಯಲ್ಲ. ಹತ್ತಾರು ಹಟ್ಟಿಗಳಿಂದ ಜನ ಸೇರಬೇಕು. ಸತ್ತವರ, ಅವರ ಹಿರಿಯರ ಪಾಪಗಳನ್ನು ಒಂದೊಂದಾಗಿ ಹೇಳಿ ಕರುವಿನ ಮೇಲೆ ಹೊರಿಸಿ ಕಳಿಸುವ ಪದ್ಧತಿ ಅವರದು. ಇಪ್ಪತ್ತು ಜನ ಮಾತ್ರ ಸೇರಿ ಎಂದರೆ ಆ ಪಾಪಗಳಿಗೆ ಹೂಂಗುಟ್ಟುವವರು ಯಾರು? ಕೆಳಗಿನಿಂದ ಬರುವವರಿಗೆ ಗೇಟು ಹಾಕಬಹುದು. ಮೇಲೇ ಇರುವವರ ನಡುವೆ ಎಲ್ಲಿ ಹಾಕುತ್ತೀರಿ?

*

ಇಲ್ಲೊಂದು ಸಣ್ಣ ವ್ಯಂಗ್ಯವಿದೆ. ಊಟಿ ಊರಾದದ್ದೇ ರೋಗಿಗಳಿಗಾಗಿ. ಕೊಯಮತ್ತೂರಿನ ಕಲೆಕ್ಟರಾಗಿದ್ದ ಜಾನ್ ಸಲ್ಲಿವನ್ 1819ರಲ್ಲಿ ಬೆಟ್ಟ ಹತ್ತಿದ. ಬಯಲುಸೀಮೆಯ ಜ್ವರದಲ್ಲಿ ಬೆಂದ ಬಿಳಿಯರು ಚೇತರಿಸಿಕೊಳ್ಳಲು ತಕ್ಕ ತಂಪು ಜಾಗ ಇದು ಎಂದು ಸರ್ಕಾರಕ್ಕೆ ಒಪ್ಪಿಸಿದ. ಕಾಯಿಲೆಯವರನ್ನು ಡೋಲಿಯಲ್ಲಿ ಹೊತ್ತು ಮೇಲೆ ತಂದರು. ಇನ್ನೂರು ವರ್ಷ ಕಳೆದ ಮೇಲೆ ಅದೇ ಬೆಟ್ಟದ ಬುಡದಲ್ಲಿ ಆರೋಗ್ಯವಂತರು ತಮಗೆ ಜ್ವರವಿಲ್ಲವೆಂದು ತೋರಿಸಿ ಒಳಗೆ ಹೋಗಬೇಕಾಯಿತು.

ತೋರಿಸುವುದೂ ಹೊಸತಲ್ಲ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಹೊಕ್ಕಾಗ ಮದರಾಸು ಪ್ರಾಂತ್ಯದವರು ಸೋಂಕಿನ ಊರುಗಳಿಂದ ರೈಲಿಳಿದವರಿಗೆ ‘ಪ್ಲೇಗ್ ಪಾಸ್‌ಪೋರ್ಟ್’ ಕೊಡುತ್ತಿದ್ದರು. ಹೆಸರು, ಬಂದ ಊರು, ಹೋಗುವ ವಿಳಾಸ ಬರೆದ ಚೀಟಿ. ಹೋದ ಊರಿನಲ್ಲಿ ಹತ್ತು ದಿನ, ದಿನಕ್ಕೊಮ್ಮೆ, ಅಧಿಕಾರಿಯ ಮುಂದೆ ನಿಂತು ಮುಖ ತೋರಿಸಬೇಕು. ಇ-ಪಾಸಿನ ಮುತ್ತಾತ ಇವನೇ. ಕಾನೂನೂ ಅದೇ, 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಮುಂಬೈಯ ಪ್ಲೇಗಿಗೆಂದು ತರಾತುರಿಯಲ್ಲಿ ಬರೆದ ನಾಲ್ಕು ಸೆಕ್ಷನ್ನಿನ ಆ ಕಾಯ್ದೆ 2020ರಲ್ಲಿ ದೇಶವನ್ನೇ ಕಾಯಲು ನಿಂತಿತ್ತು.

ನಮ್ಮ ಹಳ್ಳಿಗಳಿಗೆ ಯಾವ ಸೆಕ್ಷನ್ನೂ ಬೇಕಿರಲಿಲ್ಲ. ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದು ಅಜ್ಜಿಯರ ಕಾಲದಲ್ಲಿ ವಾಡಿಕೆಯೇ ಆಗಿತ್ತು. ಭೈರಪ್ಪನವರ ‘ಗೃಹಭಂಗ’ ಓದಿದವರಿಗೆ ಆ ಗುಡಿಸಲುಗಳ ದುಃಖ ಗೊತ್ತು. ಮೈಮೇಲೆ ಅಮ್ಮ ಎದ್ದರೆ ಬಾಗಿಲಿಗೆ ಬೇವಿನ ಸೊಪ್ಪು. ಅದನ್ನು ನೋಡಿದವರು ಅಂಗಳದಿಂದಲೇ ವಿಚಾರಿಸಿ ಹೋಗುತ್ತಿದ್ದರು. ಮಾರಿಯನ್ನು ಪೂಜೆ ಮಾಡಿ, ಗಡಿಕಲ್ಲಿನ ತನಕ ಕರೆದೊಯ್ದು, ಆಚೆ ಊರಿನ ಸೀಮೆಗೆ ಬಿಟ್ಟು ಬರುವ ಪದ್ಧತಿಯೂ ಇತ್ತು. ಆಚೆ ಊರಿನವರು ಏನು ಮಾಡಬೇಕು ಎಂಬುದು ನಮ್ಮ ತಲೆನೋವಲ್ಲ. 2020ರ ಮಾರ್ಚಿನಲ್ಲಿ ಕಾಸರಗೋಡಿನಿಂದ ಮಂಗಳೂರಿಗೆ ಬರುವ ರಸ್ತೆಗಳಿಗೆ ನಮ್ಮ ಸರ್ಕಾರ ಮಣ್ಣು ಸುರಿದು, ತಲಪಾಡಿಯಲ್ಲಿ ಆಂಬುಲೆನ್ಸು ತಡೆದಾಗ ನನಗೆ ನೆನಪಾದದ್ದು ಆ ಗಡಿಮಾರಿ. ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟು ನಡುವೆ ಬಂದ ಮೇಲೆಯೇ ತುರ್ತು ರೋಗಿಗಳಿಗೆ ದಾರಿ ಬಿಟ್ಟದ್ದು. ತಮಿಳುನಾಡಿನವರ ಗೇಟಿನ ಬಗ್ಗೆ ಗೊಣಗುವಾಗ ಅದನ್ನೂ ನೆನೆಯಬೇಕಾಗುತ್ತದೆ.

ಗೂಡಲೂರು, ಪಂದಲೂರು, ಕೋತಗಿರಿಯ ಟೀ ತೋಟಗಳಲ್ಲಿ ನಿಜವಾದ ದ್ವೀಪಕ್ಕೆ ನಿಜವಾದ ಕ್ವಾರಂಟೈನು ಮುಗಿಸಿ ಹೋದವರ ಮೊಮ್ಮಕ್ಕಳು, ಮರಿಮಕ್ಕಳು ಇದ್ದಾರೆ. ಸಿಲೋನಿನ ತೋಟಗಳಿಗೆ ಹೊರಟ ತಮಿಳು ಕೂಲಿಗಳನ್ನು ರಾಮೇಶ್ವರದ ಹತ್ತಿರದ ಮಂಡಪಂ ಶಿಬಿರದಲ್ಲಿ ಕೆಲವು ದಿನ ತಡೆದಿಟ್ಟು, ದಾಕು ಹಾಕಿ, ಕಾಯಿಲೆಯಿಲ್ಲ ಎಂದು ಖಾತ್ರಿಯಾದ ಮೇಲೆ ಹಡಗು ಹತ್ತಿಸುತ್ತಿದ್ದರು. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಅವರ ಸಂತತಿ ಅದೇ ಮಂಡಪಂ ಹಾದು ವಾಪಸು ಬಂತು. ಅವರಿಗೆ ಕೆಲಸ ಕೊಡಲೆಂದೇ ತಮಿಳುನಾಡು ಸರ್ಕಾರ 1968ರಿಂದ ನೀಲಗಿರಿಯಲ್ಲಿ ಟೀ ಬೆಳೆಸಿತು. ಊರಿನಿಂದ ಹೋಗುವಾಗಲೂ ಶಿಬಿರ, ಬರುವಾಗಲೂ ಶಿಬಿರ. ಹಾಗೆ ಬಂದವರ ಲೈನ್ ಮನೆಗಳ ಬಾಗಿಲಿಗೆ 2020ರಲ್ಲಿ ‘ಒಳಗೆ ಬರಬೇಡಿ’ ಎಂಬ ಸ್ಟಿಕ್ಕರು ಅಂಟಿಸಿದಾಗ ಅವರಿಗೆ ಏನನ್ನಿಸಿರಬಹುದು!

ಸ್ಟಿಕ್ಕರು ತಮಿಳುನಾಡಿನದು, ನಮ್ಮದು ಸೀಲು. ಹೊರಗಿನಿಂದ ಬಂದವರ ಕೈಹಿಂದೆ ಒತ್ತಿದ ಆ ಶಾಯಿ ತಯಾರಾಗುವುದು ಮೈಸೂರಿನಲ್ಲೇ. ನಾಲ್ವಡಿಯವರು 1937ರಲ್ಲಿ ಆರಂಭಿಸಿದ ಬಣ್ಣ ಮತ್ತು ಅರಗಿನ ಕಾರ್ಖಾನೆಯ ಶಾಯಿ, ಚುನಾವಣೆಯಲ್ಲಿ ಬೆರಳಿಗೆ ಹಚ್ಚುವುದು. ಮತ ಹಾಕಿದವರನ್ನು ಗುರುತಿಸುವ ಶಾಯಿಯನ್ನು ಮನೆಯಲ್ಲೇ ಇರಬೇಕಾದವರ ಗುರುತಿಗೆ ಬಳಸಲು ಚುನಾವಣಾ ಆಯೋಗ ಮಾರ್ಚಿನಲ್ಲೇ ಅನುಮತಿ ಕೊಟ್ಟಿತ್ತು.

*

2020ರ ಆಗಸ್ಟ್ 24ರಂದು ಕರ್ನಾಟಕ ತನ್ನ ಕಡೆಯ ನಿರ್ಬಂಧಗಳನ್ನೆಲ್ಲ ಕಿತ್ತುಹಾಕಿತು. ಸೇವಾ ಸಿಂಧು ಇಲ್ಲ, ಸೀಲಿಲ್ಲ, ಹದಿನಾಲ್ಕು ದಿನವಿಲ್ಲ. ಒಂದು ವಾರ ಬಿಟ್ಟು ತಮಿಳುನಾಡು ಜಿಲ್ಲೆಯಿಂದ ಜಿಲ್ಲೆಗೆ ಹೋಗುವ ಇ-ಪಾಸು ರದ್ದು ಮಾಡಿತು. ಆದರೆ ನೀಲಗಿರಿ, ಕೊಡೈಕೆನಾಲ್, ಯೇರ್ಕಾಡಿಗೆ ಮಾತ್ರ ಉಳಿಸಿಕೊಂಡಿತು. ಸೆಪ್ಟೆಂಬರ್ 9ಕ್ಕೆ ಊಟಿಯ ಸಸ್ಯೋದ್ಯಾನ ತೆರೆದಾಗ ಪ್ರವಾಸಿಗಳಿಗೆಂದೇ ಒಂದು ಬಗೆಯ ಪಾಸು ಬಂತು. ಹಳ್ಳದ ಈಚೆ ದಡ ಬಾಗಿಲು ತೆರೆದಿದೆ, ಆಚೆ ದಡ ಮುಚ್ಚಿದೆ.

ದೀಪಾವಳಿ ಕಳೆದ ವಾರ ಹೊರಟೆ. ಪಾಸಿಗೆ ಅರ್ಜಿ ಹಾಕುವಾಗ ಕಾರಣದ ಖಾನೆಯಲ್ಲಿ ನನ್ನನ್ನು ಎಲ್ಲಿ ಕೂರಿಸಬೇಕೆಂದು ತಿಳಿಯಲಿಲ್ಲ. ಮದುವೆಯಲ್ಲ, ಚಿಕಿತ್ಸೆಯಲ್ಲ, ಸಾವು ಹೌದು, ಆದರೆ ನಾಲ್ಕು ತಿಂಗಳು ಹಳೆಯದು. ಕೊನೆಗೆ ಪ್ರವಾಸಿ ಎಂದು ಒತ್ತಿದೆ. ಅದು ಸಲೀಸಾಗಿ ಬಂತು.

ಕೆಕ್ಕನಹಳ್ಳದಲ್ಲಿ ಮರದ ಕೆಳಗೆ ಶಾಮಿಯಾನ, ಒಂದು ಮೇಜು, ಉದ್ದನೆಯ ರಿಜಿಸ್ಟರು, ದಾರದಲ್ಲಿ ಕಟ್ಟಿದ ಪೆನ್ನು. ಆ ಪೆನ್ನನ್ನು ಬೆಳಗಿನಿಂದ ಎಷ್ಟು ಕೈ ಮುಟ್ಟಿತ್ತೋ. ಮುಂದಿದ್ದ ತರಕಾರಿ ಲಾರಿಯ ಚಕ್ರಕ್ಕೆ ಒಬ್ಬ ಔಷಧಿ ಹೊಡೆಯುತ್ತಿದ್ದ. ಚಿಕ್ಕ ವಯಸ್ಸಿನ ಹುಡುಗನೊಬ್ಬ, ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುವವನು, ನನ್ನ ಹಣೆಗೆ ಗನ್ನು ಹಿಡಿದ. ತೊಂಬತ್ತಾರು ಚಿಲ್ಲರೆ. ತಮಿಳಿನಲ್ಲಿ ಕೇಳಿದ, ಎಲ್ಲಿಂದ, ಎಲ್ಲಿಗೆ, ಎಷ್ಟು ದಿನ? ನನ್ನ ಹರಕು ತಮಿಳು ಕೇಳಿ ಪಕ್ಕದವನ ಕಡೆ ತಿರುಗಿ ಏನೋ ಹೇಳಿದ. ಅದು ಬಡಗ ಭಾಷೆ. ಮುಕ್ಕಾಲುಪಾಲು ನನಗೆ ಅರ್ಥವಾಯಿತು. ಅರ್ಥವಾದದ್ದನ್ನು ತೋರಿಸಿಕೊಳ್ಳದಿರುವುದೇ ಮೇಲು ಅನ್ನಿಸಿತು.

“ಚಿಕ್ಕಮ್ಮನ ಮನೆಗೆ,” ಅಂದೆ.

“ಪಾಸಲ್ಲಿ ಟೂರಿಸ್ಟ್ ಅಂತ ಇದೆಯಲ್ಲ ಸಾರ್?” ಈಗ ಕನ್ನಡದಲ್ಲೇ ಕೇಳಿದ.

“ಅದೂ ಹೌದು.”

ನಕ್ಕನೋ ಏನೋ, ಮಾಸ್ಕಿನಲ್ಲಿ ತಿಳಿಯಲಿಲ್ಲ. ಬರೆದುಕೊಂಡ.

ತೆಪ್ಪಕಾಡಿನಲ್ಲಿ ಎಡಕ್ಕೆ ತಿರುಗಿ ಮಸಿನಗುಡಿ ತಲುಪಿದರೆ ಅಲ್ಲಿ ಎರಡನೆಯ ಚೆಕ್‌ಪೋಸ್ಟು, ಚಿಕ್ಕಮ್ಮನ ಅಂಗಳದಲ್ಲಿ. ತುಳಸಿ ಕಟ್ಟೆ ಪಕ್ಕ ಬಕೆಟ್ಟು, ಚೊಂಬು, ಒಂದು ತುಂಡು ಸೋಪು. ಕೈಕಾಲು ಮುಖ ತೊಳೆಸಿ ಜಗಲಿ ಮೇಲೆ ಕೂರಿಸಿದಳು. ಒಳಗೆ ಕರೆಯಲಿಲ್ಲ. ಅಪ್ಪಿಕೊಂಡು ಅಳುತ್ತಾಳೆಂದು ನಾನು ಗಟ್ಟಿ ಮಾಡಿಕೊಂಡು ಬಂದಿದ್ದೆ. ಅವಳು ಹೊಸ್ತಿಲ ಒಳಗೆ, ನಾನು ಹೊರಗೆ, ನಡುವೆ ಹತ್ತಡಿ. ಅಷ್ಟು ದೂರದಿಂದಲೇ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, “ಊರಲ್ಲಿ ಯಾರಿಗಾರ ಬಂದದಾ?” ಎಂದು ಕೇಳಿದಳು. ಬಾಳೆಲೆಯಲ್ಲಿ ಊಟ ಬಂತು. ತಟ್ಟೆ ಕೊಟ್ಟರೆ ತೊಳೆಯಬೇಕಲ್ಲ.

*

ಎರಡನೆಯ ಅಲೆಯಲ್ಲಿ, 2021ರ ಏಪ್ರಿಲ್ 20ರಿಂದ, ಬೆಟ್ಟ ಪ್ರವಾಸಿಗಳಿಗೆ ಮತ್ತೆ ಮುಚ್ಚಿತು. ಆ ಜೂನಿನಲ್ಲಿ ನಮ್ಮ ಗೇಟಿನಿಂದ ಸ್ವಲ್ಪವೇ ದೂರದ ತೆಪ್ಪಕಾಡಿನಲ್ಲಿ ನಡೆದದ್ದು ಇಡೀ ಕೊರೊನಾ ಕಾಲದಲ್ಲಿ ನನಗೆ ಬಲು ಇಷ್ಟವಾದ ಪ್ರಸಂಗ. ಚೆನ್ನೈ ಹತ್ತಿರದ ವಂಡಲೂರು ಮೃಗಾಲಯದಲ್ಲಿ ನೀಲಾ ಎಂಬ ಹೆಣ್ಣು ಸಿಂಹ ಜೂನ್ 3ರಂದು ಸತ್ತಿತು. ಅಲ್ಲಿಯ ಸಿಂಹಗಳಲ್ಲಿ ಸೋಂಕು ಕಂಡಿತು. ಕೂಡಲೇ ಮುದುಮಲೆಯ ತೆಪ್ಪಕಾಡು ಆನೆ ಶಿಬಿರದ 28 ಆನೆಗಳಿಗೂ ಪರೀಕ್ಷೆ ಮಾಡಿಸಿ ಎಂದು ಅಪ್ಪಣೆಯಾಯಿತು.

ಮನುಷ್ಯನ ಮೂಗಿಗೇ ಆ ಕಡ್ಡಿ ಹಾಕುವಾಗ ಕಣ್ಣಲ್ಲಿ ನೀರು ಬರುತ್ತದೆ. ಆನೆಯ ಮೂಗು ಒಂದೂವರೆ ಆಳುದ್ದ, ಅದಕ್ಕೆ ಸಿಟ್ಟೂ ಉಂಟು. ಮಾವುತ, ಕಾವಾಡಿಗಳು ತಮ್ಮ ತಮ್ಮ ಆನೆಗಳನ್ನು ಮಲಗಿಸಿ, ಕಿವಿಯಲ್ಲಿ ಸಮಾಧಾನ ಹೇಳುತ್ತಿರುವಾಗ ಪಶುವೈದ್ಯರು ಸೊಂಡಿಲಿನಿಂದಲೂ ಗುದದಿಂದಲೂ ಮಾದರಿ ತೆಗೆದರು. ಎರಡು ಮರಿಗಳೂ ಇದ್ದವು. ಮಾದರಿಗಳು ಉತ್ತರ ಪ್ರದೇಶದ ಇಜ್ಜತ್‌ನಗರದ ಪಶುವೈದ್ಯ ಸಂಶೋಧನಾ ಸಂಸ್ಥೆಗೆ ಹೋದವು. ಯಾವ ಆನೆಗೂ ಸೋಂಕಿರಲಿಲ್ಲ. ಇನ್ನು ಕಾಡಿನ ಆನೆಗಳು. ಆ ಬೇಸಿಗೆಯಲ್ಲಿ ಕೆಕ್ಕನಹಳ್ಳವನ್ನು ಪಾಸಿಲ್ಲದೆ, ರಿಜಿಸ್ಟರಿಗೆ ಹೆಸರು ಬರೆಸದೆ ದಾಟುತ್ತಿದ್ದದ್ದು ಅವೇ.

ಲಸಿಕೆಯ ಕೆಲಸವನ್ನು ಜಿಲ್ಲೆ ಚೆನ್ನಾಗಿ ಮಾಡಿತು, ಇದನ್ನು ಹೇಳಲೇಬೇಕು. ತೋಡ, ಕೋತ, ಕುರುಂಬ, ಇರುಳ, ಪಣಿಯ, ಕಾಟ್ಟುನಾಯಕ, ಈ ಆರು ಬುಡಕಟ್ಟಿನ ಹಾಡಿಗಳಿಗೆ ಆರೋಗ್ಯದವರು ನಡೆದೇ ಹೋದರು. ಸೂಜಿಯ ಸುದ್ದಿ ಕೇಳಿ ಕಾಡಿಗೆ ಹೊಕ್ಕವರನ್ನು ಅವರ ಮಾತಿನಲ್ಲೇ ಒಲಿಸಿ ಕರೆತರಬೇಕಿತ್ತು. ಜೂನ್ ಕೊನೆಯ ಹೊತ್ತಿಗೆ ಅರ್ಹ ವಯಸ್ಸಿನ ಬುಡಕಟ್ಟು ಜನರಿಗೆಲ್ಲ ಲಸಿಕೆ ಮುಟ್ಟಿಸಿದ ಜಿಲ್ಲೆ ಎಂದು ನೀಲಗಿರಿ ಹೆಸರಾಯಿತು. ಸೆಪ್ಟೆಂಬರ್‌ನಲ್ಲಿ ಕಲೆಕ್ಟರು ಇನ್ನೊಂದು ಉಪಾಯ ಹೂಡಿದರು. ಲಸಿಕೆಯ ಸರ್ಟಿಫಿಕೇಟು ತೋರಿಸದವರಿಗೆ ಸರ್ಕಾರಿ ಮದ್ಯದಂಗಡಿಯಲ್ಲಿ ಬಾಟಲಿ ಇಲ್ಲ! ಕುಡಿಯುವವರಿಗೆ ಲಸಿಕೆ ಆಗಿಬರುವುದಿಲ್ಲ ಎಂದು ತಪ್ಪಿಸಿಕೊಳ್ಳುತ್ತಿದ್ದವರಿಗೆ ಬೇರೆ ದಾರಿ ಉಳಿಯಲಿಲ್ಲ. ಮಸಿನಗುಡಿಯಲ್ಲಿ ಇದರ ಬಗ್ಗೆ ಹುಟ್ಟಿದ ಜೋಕುಗಳು ಪತ್ರಿಕೆಯಲ್ಲಿ ಹಾಕುವಂಥವಲ್ಲ.

ಆ ಆಗಸ್ಟ್ 23ಕ್ಕೇ ಬೆಟ್ಟ ತೆರೆದಿತ್ತು, ಕರ್ನಾಟಕಕ್ಕೆ ಬಸ್ಸುಗಳೂ ಓಡಿದವು. ಅಲ್ಲಿಗೆ ಪಾಸಿನ ಕಥೆ ಮುಗಿಯಿತೆಂದುಕೊಂಡಿದ್ದೆವು.

ಮುಗಿಯಲಿಲ್ಲ. ಬೀಗ ತೆಗೆದ ಮೇಲೆ ಕೂಡಿಟ್ಟ ನೀರು ನುಗ್ಗಿದಂತೆ ಜನ ಬಂದರು. ಸೀಸನ್ನಿನಲ್ಲಿ ದಿನಕ್ಕೆ ಸುಮಾರು 20,000 ವಾಹನ ಬರುತ್ತಿವೆ ಎಂಬ ಲೆಕ್ಕ ಮದ್ರಾಸ್ ಹೈಕೋರ್ಟಿನ ಮುಂದೆ ಬಂತು. ಕಲ್ಲು ಜಾರುವ ರಸ್ತೆ, ಆನೆ ದಾಟುವ ಜಾಗ, ಕುಡಿಯುವ ನೀರು, ಎಲ್ಲದಕ್ಕೂ ಇದು ಭಾರ ಎಂದಿತು ಕೋರ್ಟು. 2024ರ ಏಪ್ರಿಲ್ 29ರಂದು, ಕೊರೊನಾ ಕಾಲದಲ್ಲಿ ಇದ್ದಂತೆಯೇ ಇ-ಪಾಸು ತನ್ನಿ ಎಂದು ಆದೇಶವಾಯಿತು. ಮೇ 7ರಿಂದ ಜಾರಿ. ರೋಗ ಹೋಯಿತು, ಅದರ ಚೀಟಿ ಉಳಿಯಿತು. 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನ ಎಂಬ ಮಿತಿಯೂ ಬಂತು. ವ್ಯಾಪಾರಿಗಳು ಏಪ್ರಿಲ್ 2ರಂದು ಅಂಗಡಿ ಮುಚ್ಚಿ ಪ್ರತಿಭಟಿಸಿದರು.

ಮಿತಿ ಬೇಕು ಎಂಬ ಕಡೆಯೇ ನಾನು. ಮೇ ತಿಂಗಳ ಭಾನುವಾರ ಕಲ್ಹಟ್ಟಿಯಲ್ಲಿ ಬ್ರೇಕು ಸುಟ್ಟ ವಾಸನೆ ಕುಡಿದವರು ಯಾರೂ ಬೇಡ ಎನ್ನಲಾರರು. ನನ್ನ ತಕರಾರು ಖಾನೆಗಳ ಬಗ್ಗೆ. ಬಂದುಹೋಗುವ ಜನರ ಪೈಕಿ ಈ ಪಾಸಿಗೆ ಗೊತ್ತಿರುವುದು ಎರಡೇ ಜಾತಿ, ಸ್ಥಳೀಯ ಮತ್ತು ಪ್ರವಾಸಿ. ಟಿಎನ್-43 ಎಂಬ ನೀಲಗಿರಿಯ ನಂಬರಿದ್ದರೆ ಪಾಸು ಬೇಡ, ಉಳಿದವರಿಗೆಲ್ಲ ಬೇಕು. ಚಿಕ್ಕಮ್ಮನ ಅಂಗಳದಲ್ಲಿ ಅವಳ ಮಗನ ಟಿಎನ್-43 ಜೀಪು, ನನ್ನ ಕೆಎ-10 ಕಾರು ಪಕ್ಕಪಕ್ಕ ನಿಲ್ಲುತ್ತವೆ. ಒಂದು ಮನೆಯದು, ಒಂದು ನೆಂಟರದು ಎಂದು ಕೋಳಿಗಳಿಗೂ ಅನ್ನಿಸುವುದಿಲ್ಲ. ಹಳ್ಳದ ಎರಡೂ ಕಡೆ ಬೇರಿರುವವರು ಬೆಂಗಳೂರಿನಿಂದ ಬೋಟಿಂಗಿಗೆ ಬಂದವರ ಸಾಲಿನಲ್ಲೇ ನಿಲ್ಲಬೇಕು.

ಹೋದ ಮೇ ತಿಂಗಳಲ್ಲಿ ಅಮ್ಮನಿಗೆ ಮಂಡಿ ನೋವು ಜೋರಾಗಿ, ತಂಗಿಯನ್ನು ಕರೆದುಕೊಂಡು ಬಾ ಎಂದು ಹಟ ಹಿಡಿದಳು. ಮೊಬೈಲಿನಲ್ಲೇ ಪಾಸು ಮಾಡಿಸಿಕೊಂಡೆ. ಕಾರಣದ ಜಾಗದಲ್ಲಿ ಮತ್ತೆ ಪ್ರವಾಸಿಯೇ; ಅಭ್ಯಾಸವಾಗಿದೆ. ಗೇಟಿನಲ್ಲಿ ಚೌಕದ ಚಿತ್ತಾರಕ್ಕೆ ಫೋನು ಹಿಡಿದರು, ಕಾರಿನೊಳಗೆ ಬಗ್ಗಿ ನೋಡಿ ನನ್ನ ಪ್ಲಾಸ್ಟಿಕ್ ನೀರಿನ ಬಾಟಲಿ ತೆಗೆದಿಟ್ಟುಕೊಂಡರು. ಹಣೆಗೆ ಗನ್ನು ಹಿಡಿಯಲಿಲ್ಲ.

ಚಿಕ್ಕಮ್ಮ ಈಗ ಎಪ್ಪತ್ತು ದಾಟಿದ್ದಾಳೆ. ನಾಳೆ ಬೆಳಿಗ್ಗೆ ಹೊರಡೋಣ ಎಂದುಕೊಂಡಿದ್ದೆ. ಅವಳು ಕಾಫಿ ಕೊಟ್ಟು ಎದುರಿಗೆ ಕೂತು, “ನಿಮ್ಮೂರಿಗೆ ಬರಕ್ಕೆ ನಂಗೂ ಪಾಸು ಬೇಕಾ?” ಎಂದಳು.

“ಬೇಡ ಚಿಕ್ಕಮ್ಮ.”

“ಜ್ವರ ನೋಡ್ತಾರಾ?”

“ಯಾರೂ ಏನೂ ಕೇಳಲ್ಲ. ರಾತ್ರಿ ಒಂಬತ್ತರೊಳಗೆ ಮೇಲುಕಾಮನಹಳ್ಳಿ ದಾಟಿದ್ರೆ ಸಾಕು.”

ತಲೆಯೆತ್ತಿ ಗೋಡೆ ಗಡಿಯಾರ ನೋಡಿದಳು. ಆರೂ ಹತ್ತು. ಎದ್ದು ಒಳಗೆ ಹೋದವಳು ಟ್ರಂಕು ಎಳೆಯುವ ಸದ್ದು ಕೇಳಿಸಿತು. ಕಾಫಿ ಲೋಟ ಹಿಡಿದು ನಾನಿನ್ನೂ ಜಗಲಿಯ ಮೇಲೇ ಇದ್ದೆ. ಅಮ್ಮನಿಗೆ ಇಷ್ಟವಾದ ವರ್ಕಿಯನ್ನು ಕಾಗದದಲ್ಲಿ ಸುತ್ತುತ್ತಾ ಹೊರಗೆ ಬಂದು, “ಏಳಪ್ಪ, ಗೇಟ್ ಹಾಕ್ಬುಟ್ಟಾರು,” ಅಂದಳು.